ಕಲಿಕಾ ಫಲಗಳ ಸನ್ನಿಧಾನಕ್ಕೆ ಮೊಲೆಂನಿಂದ ಒಂದು ಬಿನ್ನಹ

ಸಕಲ ಸದ್ಗುಣ ಸಂಪನ್ನರಾದ, 6ರಿಂದ 8ನೇ ತರಗತಿಯವರೆಗಿನ ಮಗುವಿಗೆ ಇತಿಹಾಸ ಮತ್ತು ಭೂಗೋಳದಲ್ಲಿ ಏನು ಬರಬೇಕೆಂದು ಸಾರುವ ಕಲಿಕಾ ಫಲಗಳ ದಿವ್ಯ ಸನ್ನಿಧಾನಕ್ಕೆ, ಗೋವಾ ರಾಜ್ಯ ಧಾರಬಾಂದೋಡಾ ತಾಲ್ಲೂಕು ಮೊಲೆಂನಿಂದ ಒಬ್ಬ ಶಿಕ್ಷಕಿ ಮಾಡುವ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ. ತಾವು ಕ್ಷೇಮವಾಗಿದ್ದೀರಿ ಎಂದು ಪ್ರತಿದಿನ ಪಾಠ ಯೋಜನೆಯ ಮೊದಲನೇ ಕಾಲಂ ತುಂಬುವಾಗ ತಿಳಿಯುತ್ತದೆ. ನಮ್ಮ ಕಡೆಯ ಕ್ಷೇಮ ಸಮಾಚಾರವನ್ನು ತಾವು ಕೇಳಿದ್ದಿಲ್ಲವಾದ್ದರಿಂದ ನಾನೇ ಬರೆದು ತಿಳಿಸುತ್ತಿದ್ದೇನೆ.

ನಾನು ಖಾನಾಪುರದ ಕಡೆಯವಳು. ಘಟ್ಟದ ಮೇಲಿನ ಕನ್ನಡ ಶಾಲೆಯಲ್ಲಿ ಓದಿ, ಘಟ್ಟದ ಕೆಳಗೆ ಪಾಠ ಹೇಳುತ್ತಿದ್ದೇನೆ. ನನ್ನ ತರಗತಿಯಲ್ಲಿ ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿದ್ದಾರೆ, ಮರಾಠಿ ಆಡುವವರಿದ್ದಾರೆ, ರಸ್ತೆ ಕೆಲಸಕ್ಕೂ ಗೌಂಡಿ ಕೆಲಸಕ್ಕೂ ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದ ತಂದೆ–ತಾಯಿಗಳ ಕನ್ನಡದ ಮಕ್ಕಳೂ ಇದ್ದಾರೆ. ಈ ಎಲ್ಲರ ಪರವಾಗಿ ತಮ್ಮ ಪಾದಕ್ಕೆ ಕೆಲವು ಅರಿಕೆಗಳಿವೆ.

ಮೊದಲು ಋಣ ಸಂದಾಯ. ತಾವು ಬರುವ ಮುಂಚೆ ನಮ್ಮನ್ನು ಯಾರಾದರೂ ಕೇಳುತ್ತಿದ್ದದ್ದು ಒಂದೇ ಮಾತು, ‘ಪೋರ್ಷನ್ ಮುಗೀತಾ?’ 2017ರ ಫೆಬ್ರುವರಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳಿಗೆ ತಿದ್ದುಪಡಿಯಾಗಿ ತಮಗೆ ಕಾನೂನಿನ ಆಸನ ದೊರೆಯಿತು. ಪಾಠ ಮುಗಿಯಿತೇ ಎಂಬುದನ್ನು ಬಿಟ್ಟು ಮಗುವಿಗೆ ಏನು ಬಂತು ಎಂದು ಕೇಳುವ ದಾರಿ ತೆರೆಯಿತು. ಅಕ್ಷರ ಬಾರದ ತಾಯಿಯೂ ಶಾಲೆಗೆ ಬಂದು, ನನ್ನ ಮಗಳಿಗೆ ಇದು ಬರಬೇಕಿತ್ತಲ್ಲ ಎನ್ನಬಹುದು. ಇದು ಸಣ್ಣ ಉಪಕಾರವಲ್ಲ. ಈ ಪತ್ರದಲ್ಲಿ ಮುಂದೆ ಏನೇ ಬರೆದರೂ ಈ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ.

ಆರನೇ ತರಗತಿಗೆ ತಾವು ದಯಪಾಲಿಸಿದ ಫಲಗಳಲ್ಲಿ ನನಗೆ ಬಹಳ ಪ್ರಿಯವಾದದ್ದು, ಮಗು ತನ್ನ ನೆರೆಹೊರೆಯ ನಕ್ಷೆಯನ್ನು ದಿಕ್ಕು, ಅಳತೆ, ಚಿಹ್ನೆಗಳೊಂದಿಗೆ ಬರೆಯಬೇಕು ಎಂಬುದು. ನಮ್ಮ ಮಕ್ಕಳು ಬರೆಯುತ್ತಾರೆ. ಅನಮೋಡ ಘಟ್ಟ ಇಳಿದು ಬರುವ ಹೆದ್ದಾರಿ, ಸಾಲುಗಟ್ಟಿ ನಿಂತ ಲಾರಿಗಳು, ಚೆಕ್‌ಪೋಸ್ಟ್, ಅರಣ್ಯ ಇಲಾಖೆಯ ಗೇಟು, ಕುಳೆಂ ಕಡೆಗೆ ಒಡೆಯುವ ರಸ್ತೆ, ಹೊಳೆ. ಎಷ್ಟು ಚೆನ್ನಾಗಿ ಬರೆಯುತ್ತಾರೆಂದರೆ, ಬೆಳಗಾವಿಯ ತರಕಾರಿ ಗಾಡಿಗಳು ಬೆಳಗ್ಗೆ ಎಷ್ಟು ಹೊತ್ತಿಗೆ ಬರುತ್ತವೆ ಎಂಬುದನ್ನೂ ಒಬ್ಬ ಹುಡುಗ ಅಂಚಿನಲ್ಲಿ ಬರೆದಿದ್ದ. ಆದರೆ ನಕ್ಷೆ ಚೆಕ್‌ಪೋಸ್ಟಿಗೆ ಬಂದು ನಿಲ್ಲುತ್ತದೆ. ಹೊಳೆ ಕಾಗದದ ಬಲಗಡೆಯಿಂದ ಒಳಗೆ ಬಂದು ಎಡಗಡೆಯಿಂದ ಹೊರಗೆ ಹೋಗುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವ ಹಂತ ಬರುವಷ್ಟರಲ್ಲಿ ಆರನೇ ತರಗತಿ ಮುಗಿಯುತ್ತದೆ. ಏಳರಲ್ಲಿ ಆ ನಕ್ಷೆಯನ್ನು ಮತ್ತೆ ಕೈಗೆ ತೆಗೆದುಕೊಳ್ಳಿ, ಎಂಟರಲ್ಲಿ ಅದನ್ನು ಗಡಿಯಾಚೆಗೆ ಬೆಳೆಸಿ ಎಂದು ತಾವು ಅಪ್ಪಣೆ ಕೊಡಿಸಿಲ್ಲ. ಒಂದು ವರ್ಷ ಕಣ್ಣು ತೆರೆಸಿ ಎರಡು ವರ್ಷ ಮುಚ್ಚಿಸುವುದು ತಮ್ಮ ಉದ್ದೇಶವಾಗಿರಲಾರದು.

ಇತಿಹಾಸದ ಮಟ್ಟಿಗೂ ತಮ್ಮ ಕೃಪೆ ಅಪಾರ. ರಾಜವಂಶಗಳ ಮುಖ್ಯ ಕೊಡುಗೆಗಳನ್ನು ಮಗು ಪಟ್ಟಿ ಮಾಡಬೇಕು ಎಂದಿದ್ದೀರಿ. ಉದಾಹರಣೆಗೆ ಅಶೋಕನ ಶಾಸನ, ಗುಪ್ತರ ನಾಣ್ಯ, ಪಲ್ಲವರ ರಥಗುಡಿಗಳನ್ನು ತೋರಿಸಿದ್ದೀರಿ. ಇವುಗಳನ್ನು ನಮ್ಮ ಮಕ್ಕಳು ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ದಾರೆ. ಅಷ್ಟಾದ ಮೇಲೆ, ಶಾಲೆಯಿಂದ 12–13 ಕಿ.ಮೀ. ದೂರದಲ್ಲಿ, ಕಾಡಿನ ನಡುವೆ, ಸುರ್ಲಾ ಹೊಳೆಯ ಪಕ್ಕದಲ್ಲಿ ನಿಂತಿರುವ ತಾಂಬ್ಡಿ ಸುರ್ಲಾದ ಮಹಾದೇವ ಗುಡಿಯನ್ನು ಅರ್ಧದಷ್ಟು ಮಕ್ಕಳು ನೋಡಿಯೇ ಇಲ್ಲವೆಂಬುದನ್ನು ವಿನಯಪೂರ್ವಕ ನಿವೇದಿಸುತ್ತೇನೆ. ನೋಡಿದವರೂ ಶಿವರಾತ್ರಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದವರು. ಅದು ಪಾಠ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಗೋವಾದಲ್ಲಿ ಕದಂಬರ ಕಾಲದಿಂದ ಇಡಿಯಾಗಿ ಉಳಿದು ಬಂದಿರುವ ಗುಡಿ ಅದೊಂದೇ. ಕಪ್ಪು ಬಸಾಲ್ಟ್ ಕಲ್ಲು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದಾರೆ. ಮಂಟಪದ ಛಾವಣಿಯಲ್ಲಿ ಕಮಲ ಅರಳಿದೆ. ಮಂಟಪದ ನಡುವೆ ತಲೆಯಿಲ್ಲದ ನಂದಿ ಕೂತಿದೆ. ಒಂದು ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ತುಳಿಯುತ್ತಿರುವ ಕೆತ್ತನೆ ಇದೆ. ಅದು ಮಗುವಿನ ಮೊಣಕಾಲಿನ ಎತ್ತರದಲ್ಲಿರುವುದರಿಂದ ದೊಡ್ಡವರ ಕಣ್ಣಿಗೆ ಬೀಳುವ ಮೊದಲೇ ಮಕ್ಕಳ ಕಣ್ಣಿಗೆ ಬೀಳುತ್ತದೆ. ನಾನು ಕರೆದುಕೊಂಡು ಹೋದಾಗ ಒಬ್ಬ ಹುಡುಗಿ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ಕುದುರೆಯ ಬೆನ್ನ ಮೇಲೆ ಬೆರಳಾಡಿಸಿ, ಆನೆ ಯಾರದು, ಕುದುರೆ ಯಾರದು ಎಂದು ಕೇಳಿದಳು. ಸನ್ನಿಧಾನದವರು ಗಮನಿಸಬೇಕು. ಆಧಾರವನ್ನು ಗುರುತಿಸಬೇಕು, ಅದರಿಂದ ಇತಿಹಾಸ ಕಟ್ಟಬೇಕು ಎಂದು ತಾವು ಬರೆದಿರುವುದೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು. ಅಲ್ಲಿಂದ ಕಾಡಿನ ಗುಡಿಗೆ ಕಲ್ಲು ಯಾರು ಹೊತ್ತರು, ಇಷ್ಟು ಒಳಗೆ ಗುಡಿ ಯಾಕೆ ಕಟ್ಟಿದರು, ಈ ದಾರಿಯಲ್ಲಿ ಯಾರು ಓಡಾಡುತ್ತಿದ್ದರು ಎಂಬ ಪ್ರಶ್ನೆಗಳು ತಾವಾಗಿ ಹುಟ್ಟಿದವು. ಕಲ್ಲನ್ನು ಘಟ್ಟದ ಮೇಲಿನಿಂದ ಇಳಿಸಿ ತಂದರೆಂದು ಇಲ್ಲಿ ಹಿರಿಯರು ಹೇಳುತ್ತಾರೆ. ಹಾಗಿದ್ದರೆ ಯಾವ ದಾರಿಯಲ್ಲಿ ಎಂದು ಕೇಳಿದ ಕೂಡಲೇ ಇತಿಹಾಸದ ಪಾಠ ಭೂಗೋಳದ ಪಾಠವಾಯಿತು.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟರೆ ಗಡಿ ದಾಟಬೇಕು. ಗೋವಾ ಕದಂಬರಿಗೆ ಮೊದಲು ಚಂದ್ರಾಪುರ, ಅಂದರೆ ಇಂದಿನ ಚಾಂದೋರ್, ಆಮೇಲೆ ಗೋಪಕಪಟ್ಟಣ ರಾಜಧಾನಿಗಳು. ಘಟ್ಟದ ಮೇಲೆ ಅವರದೇ ನೆಲೆ ಹಲಸಿ; ಅಲ್ಲಿ ಭೂವರಾಹ ನರಸಿಂಹನ ಗುಡಿ. ಕಿತ್ತೂರು ಬಳಿಯ ದೇಗಾಂವದಲ್ಲಿ ಕಮಲನಾರಾಯಣ ಗುಡಿ, ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ್ದು. ಇಮ್ಮಡಿ ಜಯಕೇಶಿಗೆ ಕಲ್ಯಾಣದ ಆರನೇ ವಿಕ್ರಮಾದಿತ್ಯ ತನ್ನ ಮಗಳು ಮೈಲಳದೇವಿಯನ್ನು ಕೊಟ್ಟಿದ್ದ. ಒಂದೇ ಮನೆತನ ಘಟ್ಟದ ಮೇಲೂ ಕೆಳಗೂ ಆಳಿತು, ಕನ್ನಡದಲ್ಲಿ ಶಾಸನ ಹಾಕಿಸಿತು, ಸಮುದ್ರದ ವ್ಯಾಪಾರ ನಡೆಸಿತು. ಇವತ್ತು ಮೊಲೆಂ ಮುಂದೆ ಓಡುವ ಸರ್ಕಾರಿ ಬಸ್ಸಿಗೂ ಕದಂಬರ ಹೆಸರು, ಕಾರವಾರದ ನೌಕಾನೆಲೆಗೂ ಕದಂಬರ ಹೆಸರು. ಆದರೂ ನಾನು ಓದಿದ ಶಾಲೆಯಲ್ಲಿ ಕದಂಬರು ಎಂದರೆ ಬನವಾಸಿ, ಮಯೂರವರ್ಮ, ಅಲ್ಲಿಗೆ ಮುಗಿಯಿತು. ಹಲಸಿಯ ಹತ್ತಿರದವಳಾದ ನನಗೆ ತಾಂಬ್ಡಿ ಸುರ್ಲಾದ ಹೆಸರು ಗೊತ್ತಾದದ್ದು ಕೆಲಸಕ್ಕೆ ಸೇರಿ ಇಲ್ಲಿಗೆ ಬಂದ ಮೇಲೆ. ಇಲ್ಲಿಯ ಮಕ್ಕಳಿಗೆ ಹಲಸಿ ಎಂದರೆ ಎಲ್ಲಿ ಎಂದು ತಿಳಿಯದು. ತಮ್ಮ ಉದಾಹರಣೆಗಳು ದೇಶಕ್ಕೆಲ್ಲ ಒಂದೇ ಇರಬೇಕಾದ್ದು ನ್ಯಾಯ. ‘ಉದಾಹರಣೆಗೆ’ ಎಂದು ಬರೆದ ಮೂರು ಹೆಸರುಗಳೇ ಕೆಳಗೆ ಇಳಿಯುತ್ತ ಇಳಿಯುತ್ತ ಪ್ರಶ್ನೆಪತ್ರಿಕೆಯಲ್ಲಿ ಕಡ್ಡಾಯ ಉತ್ತರವಾಗುತ್ತವೆ ಎಂಬುದು ಮಾತ್ರ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ.

ಇನ್ನು ರೈಲು. ಭೂರೂಪಗಳು ಹೇಗೆ ಉಂಟಾಗುತ್ತವೆ ಎಂಬುದನ್ನು ಏಳಕ್ಕೆ ಇಟ್ಟಿದ್ದೀರಿ, ವಸಾಹತು ಆಡಳಿತವನ್ನು ಎಂಟಕ್ಕೆ ಇಟ್ಟಿದ್ದೀರಿ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ 26 ಕಿ.ಮೀ. ಘಟ್ಟದ ಹಳಿ ಈ ಎರಡನ್ನೂ ಒಟ್ಟಿಗೆ ಕಲಿಸುತ್ತದೆ. 37 ಅಡಿ ಮುಂದೆ ಹೋದರೆ ಒಂದು ಅಡಿ ಇಳಿಜಾರು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, 1888ರ ಹೊತ್ತಿಗೆ ಮುರ್ಮುಗೋವಾ ಬಂದರಿನಿಂದ ಘಟ್ಟ ಹತ್ತುವ ಹಳಿ ಸಿದ್ಧವಾಯಿತು. ಒಂದು ತುದಿ ಪೋರ್ಚುಗಲ್ಲಿನದು, ಇನ್ನೊಂದು ತುದಿ ಬ್ರಿಟನ್ನಿನದು. ನಡುವೆ ಸುಂಕದ ಕಟ್ಟೆ. 1955ರಲ್ಲಿ ಗಡಿ ಮುಚ್ಚಿ ರೈಲು ನಿಂತಿತು. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾದ ನಂತರ ಮತ್ತೆ ಓಡಿತು. ಇಷ್ಟು ಎತ್ತರದ ಗೋಡೆಯಂಥ ಬೆಟ್ಟವನ್ನು ಎರಡು ಸಾಮ್ರಾಜ್ಯಗಳು ಯಾಕೆ ಕೊರೆದವು ಎಂದು ಕೇಳಿದರೆ ಮಗುವಿಗೆ ಬಂದರು, ಹತ್ತಿ, ಸುಂಕ, ಮಳೆ, ಬಂಡೆ ಎಲ್ಲವೂ ಒಂದೇ ದಾರದಲ್ಲಿ ಸಿಗುತ್ತವೆ.

ಈಗ ಅದೇ ಹಳಿಯ ಮೇಲೆ ಮುರ್ಮುಗೋವಾದಲ್ಲಿ ಹಡಗಿನಿಂದ ಇಳಿದ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ. ಎಂಟನೇ ತರಗತಿಯ ಮಗು ಪ್ರಪಂಚದ ಭೂಪಟದಲ್ಲಿ ಕಲ್ಲಿದ್ದಲು ಸಿಗುವ ಜಾಗಗಳನ್ನು ಗುರುತಿಸಬೇಕೆಂದು ಅಪ್ಪಣೆಯಾಗಿದೆ. ಗುರುತಿಸುತ್ತದೆ, ಕಪ್ಪು ಪೆನ್ಸಿಲ್ಲಿನಲ್ಲಿ ಚುಕ್ಕೆ ಇಡುತ್ತದೆ. ತನ್ನ ಮನೆಯ ಹಿಂದೆ ರಾತ್ರಿ ಹೋಗುವ ವ್ಯಾಗನ್ನಿನ ಕಪ್ಪು ಧೂಳು ಆ ಚುಕ್ಕೆಗಳಲ್ಲಿ ಯಾವುದರದ್ದು ಎಂದು ಹೇಳಲು ಮಾತ್ರ ಅದಕ್ಕೆ ಬರುವುದಿಲ್ಲ. ಆ ಪ್ರಶ್ನೆಗೂ ಅಂಕ ಇಡುವ ಕೃಪೆ ಮಾಡಬೇಕು.

ಮಹನೀಯರೇ, ಇಷ್ಟು ದೂರ ಬಂದದ್ದು ಹೊಳೆಯ ಮಾತು ಹೇಳುವುದಕ್ಕೆ.

ಆರನೇ ತರಗತಿಯ ಮಗು ಭಾರತದ ನದಿಗಳನ್ನು ಭೂಪಟದಲ್ಲಿ ತೋರಿಸಬೇಕು. ಗಂಗಾ, ಗೋದಾವರಿ, ಕೃಷ್ಣಾ, ಕಾವೇರಿ ತೋರಿಸುತ್ತಾರೆ. ಪಶ್ಚಿಮಕ್ಕೆ ಹರಿಯುವ ಸಣ್ಣ ನದಿಗಳು ಭೂಪಟದಲ್ಲಿ ಕೂದಲೆಳೆಯಷ್ಟು. ಹೆಸರು ಬರೆಯಲು ಜಾಗವೇ ಇಲ್ಲ. ಆ ಕೂದಲೆಳೆಗಳಲ್ಲಿ ಒಂದರ ಉಪನದಿಯ ದಂಡೆಯಲ್ಲಿ ನಾವು ಬದುಕಿದ್ದೇವೆ. ಆ ನದಿ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ ಮಹದಾಯಿಯಾಗಿ ಇಳಿದು, ಗೋವಾದಲ್ಲಿ ಮಾಂಡವಿಯಾಗಿ ಪಣಜಿಯ ಬಳಿ ಸಮುದ್ರ ಸೇರುತ್ತದೆ. ಕ್ಯಾಸಲ್‌ರಾಕ್ ಕಡೆಯಿಂದ ಬಂದು 310 ಮೀಟರ್ ಎತ್ತರದಿಂದ ದೂಧಸಾಗರವಾಗಿ ಧುಮುಕುವ ನೀರು ಕುಳೆಂ, ಮೊಲೆಂ ಕಡೆಯಿಂದ ಖಾಂಡೇಪಾರ್ ನದಿಯಾಗಿ ಹರಿದು ಅದೇ ಮಾಂಡವಿಗೆ ಕೂಡುತ್ತದೆ. ದಾರಿಯಲ್ಲಿ ಓಪಾದಲ್ಲಿ ಅದನ್ನು ಎತ್ತಿ ಶುದ್ಧ ಮಾಡಿ ಪೊಂಡಾಕ್ಕೂ ಪಣಜಿಗೂ ಕುಡಿಯಲು ಕೊಡುತ್ತಾರೆ.

ಒಮ್ಮೆ ಮಕ್ಕಳನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ, ನೀರಿನ ವೇಗ ಅಳೆಯುವುದನ್ನು ತೋರಿಸುತ್ತಿದ್ದೆ. ಒಣಗಿದ ಎಲೆ ಬಿಡುವುದು, ಹತ್ತು ಹೆಜ್ಜೆ ದಾಟಲು ಎಷ್ಟು ಹೊತ್ತಾಯಿತು ಎಂದು ಎಣಿಸುವುದು. ನವಲಗುಂದದ ಕಡೆಯ ಒಬ್ಬ ಹುಡುಗ ಎಲೆ ಬಿಡುವುದನ್ನು ನಿಲ್ಲಿಸಿ ಕೇಳಿದ, ‘ಅಕ್ಕೋರ, ಈ ನೀರು ನಮ್ಮೂರಿಗೆ ಬರಬೇಕಂತ ನಮ್ಮಜ್ಜ ಧರಣಿ ಕುಂತಿದ್ದನ್ರಿ. ಇಲ್ಲಿ ನೋಡಿದ್ರ ಸುಮ್ನ ಹರದು ಹೊಂಟೈತಿ.’ ಅವನ ಪಕ್ಕದಲ್ಲಿದ್ದ ಇಲ್ಲಿಯ ಹುಡುಗಿಗೆ ಅಷ್ಟು ಕನ್ನಡ ತಿಳಿಯುತ್ತಿತ್ತು. ಸುಮ್ಮನೆ ಹರಿಯುತ್ತಿಲ್ಲ, ನಮ್ಮ ಅಜ್ಜಿಯ ತೋಟಕ್ಕೆ ಹೋಗುತ್ತದೆ, ಏಪ್ರಿಲ್ ತಿಂಗಳಲ್ಲಿ ಬಂದು ನೋಡು, ಅರ್ಧ ಹೊಳೆ ಕಲ್ಲೇ ಇರುತ್ತದೆ ಎಂದು ಕೊಂಕಣಿಯಲ್ಲಿ ಹೇಳಿದಳು. ಇಬ್ಬರೂ ನನ್ನ ಮುಖ ನೋಡಿದರು.

ನಾನು ಹೇಳಬೇಕಾದ್ದು ಬಹಳ ಇತ್ತು. ಇದು ದೂಧಸಾಗರದ ನೀರು, ನಿಮ್ಮಜ್ಜ ಕೇಳಿದ್ದು ಉತ್ತರದ ಕಡೆಯ ಕಳಸಾ–ಬಂಡೂರಿ ಹಳ್ಳಗಳ ನೀರು. ಎಲ್ಲವೂ ಕೊನೆಗೆ ಮಾಂಡವಿಗೇ ಸೇರುತ್ತವೆ. ಕಣಕುಂಬಿಯಲ್ಲಿ ಮಲಪ್ರಭೆಯೂ ಹುಟ್ಟುತ್ತಾಳೆ, ಕಳಸಾ ಹಳ್ಳವೂ ಅಲ್ಲೇ ಇದೆ. ಅಲ್ಲಿ ಬಿದ್ದ ಮಳೆ ದಿಬ್ಬದ ಈಚೆ ಬಿದ್ದರೆ ಗೋವಾಕ್ಕೆ ಇಳಿದು ಅರಬ್ಬಿ ಸಮುದ್ರ ಸೇರುತ್ತದೆ, ಆಚೆ ಬಿದ್ದರೆ ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ತುಂಬಿ, ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಜಲವಿಭಾಜಕ ಎಂಬುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನವಲಗುಂದ, ನರಗುಂದದಲ್ಲಿ ಮಲಪ್ರಭೆಯ ಕಾಲುವೆ ಬಂದರೂ ಕೊನೆಯ ಹೊಲಕ್ಕೆ ನೀರು ಮುಟ್ಟಲಿಲ್ಲ, ಕರ ಮಾತ್ರ ಮುಟ್ಟಿತು. 1980ರ ಜುಲೈನಲ್ಲಿ ಅದರ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿತು. 2015ರಲ್ಲಿ ಮಹದಾಯಿ ನೀರಿಗಾಗಿ ನರಗುಂದದಲ್ಲಿ ಕೂತವರು ವರ್ಷಗಟ್ಟಲೆ ಏಳಲಿಲ್ಲ. 2010ರಲ್ಲಿ ನೇಮಕವಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ ಎಂದು ಹಂಚಿತು. ಕರ್ನಾಟಕದ ಪಾಲಿನಲ್ಲಿ ಹೆಚ್ಚಿನದು ವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9. ಜಗಳ ಅಲ್ಲಿಗೂ ಮುಗಿಯಲಿಲ್ಲ.

ಇಷ್ಟನ್ನೂ ಆ ಇಬ್ಬರು ಮಕ್ಕಳ ಮುಂದೆ ಇಟ್ಟು, ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ನೀವೇ ನ್ಯಾಯಮಂಡಳಿಯಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳುವ ಆಸೆ ನನಗೆ. ಮಗು ಜಲ, ಮಣ್ಣು, ಕಾಡಿನ ವಿವೇಚನೆಯ ಬಳಕೆಯನ್ನು ಸಮರ್ಥಿಸಬೇಕು ಎಂದು ಎಂಟನೇ ತರಗತಿಯಲ್ಲಿ ತಾವೇ ಬರೆದಿದ್ದೀರಿ. ಆ ಫಲದ ಎದುರು ಮಕ್ಕಳು ಬರೆಯುವ ಉತ್ತರ ಹೀಗಿರುತ್ತದೆ: ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಬೇಕು, ಗಿಡ ನೆಡಬೇಕು. ಪೂರ್ಣ ಅಂಕ. ನೀರಿಗಾಗಿ ಮೂರು ರಾಜ್ಯಗಳು ಹೋರಾಡಿದ ನದಿಗೆ ಸೇರುವ ಹೊಳೆಯ ದಂಡೆಯಲ್ಲಿ ಕೂತ ಮಗುವಿಗೆ ಕೊಳಾಯಿ ನಿಲ್ಲಿಸುವುದನ್ನು ಕಲಿಸಿ ಕಳಿಸುವುದು ನನ್ನಿಂದ ಆಗುತ್ತಿಲ್ಲ, ತಾಯಿ. ಘಟ್ಟದ ಮೇಲಿನ ಶಾಲೆಯಲ್ಲಿ ಈ ನೀರು ಸಮುದ್ರಕ್ಕೆ ಹೋಗಿ ಹಾಳಾಗುತ್ತದೆ ಎಂಬ ಮಾತು ಕೇಳಿ ಬೆಳೆದೆ. ಕೆಳಗೆ ಬಂದ ಮೇಲೆ, ಸಿಹಿನೀರು ಕಡಿಮೆಯಾದರೆ ಉಪ್ಪುನೀರು ಹೊಳೆಯೊಳಗೆ ಎಷ್ಟು ದೂರ ಏರುತ್ತದೆ ಎಂಬ ಭಯವನ್ನು ಕೇಳಿದೆ. ಎರಡೂ ಕಡೆಯವರು ತಮ್ಮ ತಮ್ಮ ಮಕ್ಕಳಿಗೆ ಅರ್ಧರ್ಧ ನದಿಯನ್ನು ಕಲಿಸುತ್ತಿದ್ದೇವೆ. ತಾವು ಇಡೀ ದೇಶಕ್ಕೆ ಸಂಬಂಧಪಟ್ಟವರು. ಇಡೀ ನದಿಯನ್ನು ಕಲಿಸಿ ಎಂದು ಹೇಳುವ ಅಧಿಕಾರ ಇರುವುದು ತಮಗೊಬ್ಬರಿಗೆ.

ನರಗುಂದದ ಹೆಸರು ಬಂದದ್ದರಿಂದ ಇನ್ನೊಂದು ಮಾತು. 1955ರ ಗೋವಾ ಸತ್ಯಾಗ್ರಹದಲ್ಲಿ ಪೋರ್ಚುಗೀಸರ ಸೆರೆಮನೆ ಕಂಡ ಜಗನ್ನಾಥರಾವ್ ಜೋಶಿ ನರಗುಂದದವರು. ಆ ಊರಿನವರು ಗೋವಾದ ಬಿಡುಗಡೆಗೆ ಜೈಲಿಗೆ ಹೋದದ್ದೂ ಗೋವಾಕ್ಕೆ ಹರಿಯುವ ನೀರಿಗಾಗಿ ಧರಣಿ ಕೂತದ್ದೂ ಎರಡೂ ನಿಜ. ನವಲಗುಂದದ ಹುಡುಗನಿಗೂ ಮೊಲೆಂನ ಹುಡುಗಿಗೂ ಈ ಎರಡು ಸಂಗತಿಗಳು ಒಟ್ಟಿಗೆ ಗೊತ್ತಾದರೆ ಮುಂದೆ ಅವರಾಡುವ ಜಗಳದ ದನಿಯೇ ಬೇರೆಯಾದೀತು. ಹಾಗೆಯೇ 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಖಾನಾಪುರ ತಾಲ್ಲೂಕಿನದು. 1852ರಲ್ಲಿ ಪೋರ್ಚುಗೀಸರ ವಿರುದ್ಧ ದೀಪಾಜಿ ರಾಣೆ ಎದ್ದ ಸತ್ತರಿ ಅದೇ ಬೆಟ್ಟದ ಇನ್ನೊಂದು ಮಗ್ಗುಲು. ಒಂದು ಮಗ್ಗುಲಿನ ಮಕ್ಕಳಿಗೆ ರಾಯಣ್ಣ ಮಾತ್ರ, ಇನ್ನೊಂದು ಮಗ್ಗುಲಿನವರಿಗೆ ರಾಣೆ ಮಾತ್ರ. ಒಂದೆಡೆ ನಡೆದ ಬೆಳವಣಿಗೆಯನ್ನು ಇನ್ನೊಂದೆಡೆಯದಕ್ಕೆ ಸಂಬಂಧಿಸಿ ನೋಡಬೇಕೆಂದು ಏಳನೇ ತರಗತಿಗೆ ತಾವು ಕೊಟ್ಟ ಫಲ ಎಷ್ಟು ಚೆನ್ನಾಗಿದೆ! ಅದನ್ನು ಬೆಟ್ಟ ಹತ್ತಲು ಬಿಡಿ.

ಕಾಡಿನ ವಿಷಯದಲ್ಲಿ ನಮ್ಮ ಮಕ್ಕಳು ತಮಗಿಂತ ಒಂದು ಹೆಜ್ಜೆ ಮುಂದಿದ್ದಾರೆ. ಇದನ್ನು ಅಹಂಕಾರದಿಂದ ಹೇಳುತ್ತಿಲ್ಲ. ಮೊಲೆಂ ರಾಷ್ಟ್ರೀಯ ಉದ್ಯಾನ 107 ಚದರ ಕಿ.ಮೀ., ಸುತ್ತ ಭಗವಾನ್ ಮಹಾವೀರ ಅಭಯಾರಣ್ಯ. ಈ ಕಾಡಿನ ಮೂಲಕ ರೈಲಿಗೆ ಎರಡನೇ ಹಳಿ, ಹೆದ್ದಾರಿಯ ಅಗಲೀಕರಣ, 400 ಕೆ.ವಿ. ವಿದ್ಯುತ್ ತಂತಿ, ಹೀಗೆ ಮೂರು ಯೋಜನೆಗಳು ಬಂದವು. 2020ರ ಲಾಕ್‌ಡೌನಿನಲ್ಲಿ ಜನ ಮನೆಯೊಳಗಿದ್ದಾಗ ಇವುಗಳಲ್ಲಿ ಕೆಲವಕ್ಕೆ ಒಪ್ಪಿಗೆ ಕೊಟ್ಟ ಸಭೆ ವಿಡಿಯೋದಲ್ಲಿ ನಡೆಯಿತು. ವಿದ್ಯಾರ್ಥಿಗಳು, ಚಿತ್ರಕಾರರು, ಜೀವವಿಜ್ಞಾನಿಗಳು, ಮೀನುಗಾರರು, ವಕೀಲರು ‘ಆಮ್ಚೆಂ ಮೊಲೆಂ’, ಅಂದರೆ ನಮ್ಮ ಮೊಲೆಂ, ಎಂದು ಎದ್ದರು. ನವೆಂಬರ್ 1ರ ರಾತ್ರಿ ಸಾವಿರಾರು ಜನ ಚಾಂದೋರ್‌ನಲ್ಲಿ ಹಳಿಯ ಬಳಿ ಸೇರಿದರು. ಅದೇ ಕದಂಬರ ಚಂದ್ರಾಪುರ. 2022ರ ಮೇ 9ರಂದು ಸುಪ್ರೀಂ ಕೋರ್ಟ್ ಜೋಡಿ ಹಳಿಗೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದುಮಾಡಿತು. ಯೋಜನೆ ಬೇಕು ಎನ್ನುವವರೂ ಇಲ್ಲಿದ್ದಾರೆ. ಘಟ್ಟದಲ್ಲಿ ಗಂಟೆಗಟ್ಟಲೆ ಸಿಕ್ಕಿಬೀಳುವ ಲಾರಿ ಚಾಲಕರ ಮಕ್ಕಳೂ ನನ್ನ ತರಗತಿಯಲ್ಲಿದ್ದಾರೆ, ಅವರ ಮಾತನ್ನೂ ಕೇಳಿಸಿಕೊಳ್ಳಬೇಕು. ನಕ್ಷೆ ಓದುವುದು, ಆಧಾರ ತೂಗುವುದು, ಕಾನೂನು ತಿಳಿಯುವುದು, ಎದುರಿನವರ ವಾದ ಕೇಳುವುದು, ಇವೆಲ್ಲ ಕಲಿಕಾ ಫಲಗಳಲ್ಲವೇ? ಊರಿಗೆ ಊರೇ ಬೀದಿಯಲ್ಲಿ ಕಲಿತದ್ದನ್ನು ನಾನು ನಾಲ್ಕು ಗೋಡೆಯ ನಡುವೆ ಹೇಳಹೊರಟರೆ ‘ಇದು ಯಾವ ಫಲದಡಿ ಬರುತ್ತದೆ, ನಂಬರ್ ಬರೆಯಿರಿ’ ಎನ್ನುತ್ತಾರೆ. ನಂಬರ್ ದಯಪಾಲಿಸಬೇಕು.

ಗುಳೆ ಬಂದವರ ಮಕ್ಕಳ ಬಗ್ಗೆಯೂ ಸ್ವಲ್ಪ ಕರುಣೆ ಇರಲಿ. ತಾವು ವರ್ಷಕ್ಕೊಂದು ಮೆಟ್ಟಿಲು ಕಟ್ಟಿದ್ದೀರಿ. ಸೇತುವೆ ಕೆಲಸ ಮುಗಿದರೆ ತಂದೆಯ ಜೊತೆ ಮಗುವೂ ಮೆಟ್ಟಿಲು ಬಿಟ್ಟು ಹೊರಡುತ್ತದೆ. ಬಾದಾಮಿಯ ಕಡೆಯ ಒಬ್ಬಳು ನವೆಂಬರ್‌ನಲ್ಲಿ ನಮ್ಮಲ್ಲಿಗೆ ಬಂದಳು. ಊರಿನಲ್ಲಿ ಚಾಲುಕ್ಯರನ್ನು ಓದಿದ್ದಳು, ಇಲ್ಲಿ ಪೋರ್ಚುಗೀಸರು ಆಗಲೇ ಮುಗಿದಿದ್ದರು. ‘ಈ ಫಲ ಸಾಧಿಸಿಲ್ಲ’ ಎಂದು ನಾನು ಗುರುತು ಹಾಕಬೇಕಾಯಿತು. ಆದರೆ ಬಾದಾಮಿಯ ಕೆಂಪು ಕಲ್ಲನ್ನು ಉಳಿ ಹೇಗೆ ತಿನ್ನುತ್ತದೆ, ಇಲ್ಲಿಯ ಜಂಬಿಟ್ಟಿಗೆಯನ್ನು ಹೇಗೆ ಕೊಯ್ಯುತ್ತದೆ ಎಂದು ಕಲ್ಲುಕುಟಿಗರ ಮಗಳಾದ ಅವಳು ತರಗತಿಗೆ ಹೇಳಿಕೊಟ್ಟಳು. ಆ ಕಾಲಂ ತಮ್ಮ ಪಟ್ಟಿಯಲ್ಲಿ ಇಲ್ಲ.

2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದು, 2024ರಿಂದ ಆರನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇತಿಹಾಸ, ಭೂಗೋಳ, ಪೌರನೀತಿ ಒಂದೇ ರಟ್ಟಿನೊಳಗೆ ಬಂದಿವೆ. ಬಹಳ ಸಂತೋಷ. ಮೂರು ಪುಸ್ತಕ ಹೊರುತ್ತಿದ್ದ ಮಗುವಿನ ಬೆನ್ನು ತಮ್ಮನ್ನು ಹರಸುತ್ತಿದೆ. ರಟ್ಟಿನೊಳಗೂ ಅವು ಒಂದನ್ನೊಂದು ಮಾತಾಡಿಸುವಂತೆ ಆಗಲಿ ಎಂದು ಬೇಡಿಕೊಳ್ಳುತ್ತೇನೆ. ಪ್ರತಿ ತರಗತಿಯ ಫಲಗಳಲ್ಲಿ ಒಂದನ್ನಾದರೂ ಖಾಲಿ ಬಿಡಿ. ಆಯಾ ಊರಿನ ಶಿಕ್ಷಕರು ತಮ್ಮ ಹೊಳೆ, ಗುಡಿ, ಹಳಿ, ಗಣಿ ಏನಿದೆಯೋ ಅದನ್ನು ಬರೆದು ತುಂಬಲಿ. ಆರನೇ ತರಗತಿಯ ನಕ್ಷೆ ಎಂಟರವರೆಗೂ ಬೆಳೆಯಲಿ. ಗಡಿಯ ಶಾಲೆಗಳಿಗೆ ವರ್ಷಕ್ಕೊಂದು ಪಾಠವನ್ನಾದರೂ ಆಚೆಯ ಶಾಲೆಯ ಜೊತೆ ಕೂಡಿ ಮಾಡಲು ಅಪ್ಪಣೆಯಾಗಲಿ. ಕಣಕುಂಬಿಯ ಮಕ್ಕಳು ಮೊಲೆಂಗೆ ಇಳಿಯಲಿ, ಮೊಲೆಂ ಮಕ್ಕಳು ಕಣಕುಂಬಿಗೆ ಹತ್ತಲಿ. ಬಸ್ಸಿನ ಖರ್ಚಿಗೆ ಯಾರನ್ನು ಕೇಳಬೇಕು ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು. ಬರೆಯದಿದ್ದರೆ ಹೋಗಲಾಗುವುದಿಲ್ಲ.

ಕೊನೆಗೆ, ತುರ್ತಾಗಿ ಉತ್ತರ ಬೇಕಾದ ಒಂದು ವಿಷಯವಿದೆ. ಹೊಳೆಯ ದಂಡೆಯಲ್ಲಿ ಮಾತಾಡಿದ ಆ ಇಬ್ಬರು ಮಕ್ಕಳು ಕಳೆದ ಪರೀಕ್ಷೆಯಲ್ಲಿ, ನೀರಿನ ಹಂಚಿಕೆ ಹೇಗಿರಬೇಕು ಎಂಬ ನನ್ನ ಪ್ರಶ್ನೆಗೆ ಒಂದೊಂದು ಪುಟ ಬರೆದಿದ್ದಾರೆ. ಹುಡುಗ ಮಲಪ್ರಭೆಯ ಕೊನೆಯ ಕಾಲುವೆಯ ಲೆಕ್ಕ ಕೊಟ್ಟು, ಕುಡಿಯುವ ನೀರಿನಷ್ಟು ಮೇಲೆ ಬರಲಿ ಎಂದಿದ್ದಾನೆ. ಹುಡುಗಿ ಏಪ್ರಿಲ್ ತಿಂಗಳ ಹೊಳೆಯ ಚಿತ್ರ ಬರೆದು, ಬೇಸಿಗೆಯ ನೀರು ಮುಟ್ಟಬಾರದು, ಮಳೆಗಾಲದ್ದು ಮಾತಾಡಬಹುದು ಎಂದಿದ್ದಾಳೆ. ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಇಬ್ಬರೂ ಆಧಾರ ಕೊಟ್ಟಿದ್ದಾರೆ. ನಾನು ಇಬ್ಬರಿಗೂ ಐದಕ್ಕೆ ಐದು ಕೊಟ್ಟಿದ್ದೇನೆ. ಮಾದರಿ ಉತ್ತರ ಇಲ್ಲದ ಪ್ರಶ್ನೆಗೆ ಅಂಕ ಕೊಡುವಂತಿಲ್ಲವೆಂದು ಮೇಲಿನವರು ಉತ್ತರಪತ್ರಿಕೆಗಳನ್ನು ವಾಪಸು ಕಳಿಸಿದ್ದಾರೆ. ಅವು ನನ್ನ ಮೇಜಿನ ಮೇಲಿವೆ. ಆ ಹತ್ತು ಅಂಕಗಳನ್ನು ಮಂಜೂರು ಮಾಡಿಸಿಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯಳು,
ಇತಿಹಾಸ ಮತ್ತು ಭೂಗೋಳದ ಶಿಕ್ಷಕಿ, ಮೊಲೆಂ